ಎಳೆಯ ತುದಿ

ಶಿಡ್ಲಘಟ್ಟದ ಮಸೀದಿ ಹಿಂದಿನ ಗಲ್ಲಿಯಲ್ಲಿ
ನನ್ನ ಹೆಸರು ಯಾರಿಗೂ ಗೊತ್ತಿಲ್ಲ.
ಗರಿ ಸಾರ್ ಬಂದ್ರು, ಅನ್ನುತ್ತಾರೆ.
ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಕೋಳಿಗರಿ.
ಕಣ್ಣು ಮುಚ್ಚಿ, ಮುಟ್ಟಿದ ಕಡೆ ಬೆರಳಿಟ್ಟು ತೋರಿಸಿ.

ಶಂಷಾದ್ ತೋರಿಸಲಿಲ್ಲ.
ಮೊಣಕೈ ಕೆಳಗಿನ ಮಾಸಲು ಮಚ್ಚೆಯ ಮೇಲೆ
ಮೂರು ಸಲ ಗರಿ ಆಡಿಸಿದೆ.
ಕಣ್ಣು ಮುಚ್ಚಿಕೊಂಡೇ ಕೇಳಿದಳು:
ಶುರು ಮಾಡಿದ್ರಾ ಸಾರ್?

ಹನ್ನೊಂದು ವರ್ಷದ ಬಿಚ್ಚಾಣಿಕೆ ಕೆಲಸ.
ಕುದಿವ ಬೇಸಿನ್ನಿನಲ್ಲಿ ಗೂಡು ಕುಣಿಯುವಾಗ
ಬೆರಳದ್ದಿ ಎಳೆಯ ತುದಿ ಹುಡುಕಬೇಕು.
ಉಳಿದವರು ಪಕ್ಕದ ತಣ್ಣೀರ ಬೋಗುಣಿಗೆ
ಗಳಿಗೆಗೊಮ್ಮೆ ಕೈ ಅದ್ದಿ ತೆಗೆಯುತ್ತಿದ್ದರೆ
ಇವಳ ಬೋಗುಣಿ ಸಂಜೆವರೆಗೂ ಕದಡಲಿಲ್ಲವಂತೆ.
ಕೈ ಅಂದ್ರೆ ಇವಳದು, ಕಬ್ಬಿಣ! ಎಂದು
ಮಾಲೀಕ ದಿನಕ್ಕೆ ಹತ್ತು ರೂಪಾಯಿ ಏರಿಸಿದ್ದನಂತೆ.

ಕಬ್ಬಿಣದ ಮೇಲೆ ಎರಡು ಬೊಕ್ಕೆ ಒಡೆದಿದ್ದವು.

ಮೊದಲ ಪೊಟ್ಟಣ ಹರಿದು ನನ್ನೆದುರೇ ನುಂಗಿಸಿದೆ.
ನಾಳೆ ಉಚ್ಚೆ ಕೆಂಪಗೆ ಬಂದರೆ ಕಿರುಚಬೇಡ ತಾಯಿ,
ರಕ್ತವಲ್ಲ, ಮದ್ದಿನ ಬಣ್ಣ.
ಮೈ ಕಪ್ಪಿಡುತ್ತದೆ, ನಿಲ್ಲಿಸಿದ ಮೇಲೆ ಮೆಲ್ಲಗೆ ತಿಳಿಯಾಗುತ್ತದೆ.
ಎಷ್ಟು ದಿನ?
ಪೊಟ್ಟಣಕ್ಕೆ ಇಪ್ಪತ್ತೆಂಟು.
ಅವಳ ತುಟಿ ಲೆಕ್ಕ ಹಾಕಿತು:
ಹುಳು ನಾಲ್ಕು ಜ್ವರ ಎದ್ದು ಹಣ್ಣಾಗುವಷ್ಟು.
ಅಂಥವು ಎಷ್ಟು?
ಹನ್ನೆರಡು ಬೆಳೆ, ಎಂದೆ. ನಾನೂ ಹಾಗೇ ಎಣಿಸತೊಡಗಿದ್ದೆ.

ಮೂರು ಥರದ ಗುಳಿಗೆ ಯಾಕೆ ಅಂದಳು.
ನನಗಿಂತ ಮೊದಲಿದ್ದ ತಿಪ್ಪಯ್ಯ ಹೇಳಿದ್ದನ್ನೇ ಹೇಳಿದೆ:
ಅವನ ಅಪ್ಪನ ಕಾಲಕ್ಕೆ ಗರುಡಫಲದ ಎಣ್ಣೆ, ದಪ್ಪ ಸೂಜಿ,
ಚುಚ್ಚಿದಲ್ಲಿ ಗಡ್ಡೆ, ಅರ್ಧ ಜನ ಬೇಲಿ ಹಾರಿ ಪರಾರಿ.
ಆಮೇಲೆ ಒಂದೇ ಬಿಳಿ ಮಾತ್ರೆ, ಸಾಯುವವರೆಗೆ;
ಹುಳು ಅದಕ್ಕೂ ಒಗ್ಗಿಕೊಂಡಿತು.
ಶಂಷಾದ್ ನಕ್ಕೇಬಿಟ್ಟಳು.
ಒಂದು ಗೂಡಿನ ಎಳೆ ರಾಟೆ ತಡೀತದಾ ಸಾರ್?
ಏಳೆಂಟು ಕೂಡಿದ್ರೇನೇ ನೂಲು.
ಇದನ್ನು ನನ್ನ ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ.

ಆರನೇ ಬೆಳೆಗೆ ಮುಖ ಹುಣಸೆಹಣ್ಣಿನ ಬಣ್ಣ.
ನಾದಿನಿಯ ಮದುವೆಗೆ ಹೋಗಲಿಲ್ಲ; ಕೇಳಲಿಲ್ಲ ನಾನೂ.
ಬೇಗ ವಾಸಿ ಮಾಡೋ ಮದ್ದು ಯಾರೂ ಹುಡುಕ್ತಿಲ್ವಾ?

ಹುಡುಕುತ್ತಿದ್ದಾರೆ.
ಆದರೆ ಈ ಹುಳು ಗಾಜಿನ ತಟ್ಟೆಯಲ್ಲಿ ಬೆಳೆಯೊಲ್ಲದು.
ಇಲಿಯ ಅಂಗಾಲಿಗೆ ಚುಚ್ಚಿ ಕಾಯಬೇಕು.
ಒಂದು ಎರಡಾಗಲು ಹದಿನಾಲ್ಕು ದಿನ,
ಹೊಸ ಮದ್ದು ಹತ್ತಿತೋ ಇಲ್ಲವೋ
ತಿಳಿಯುವ ಹೊತ್ತಿಗೆ ಇಲಿಗೆ ಅರ್ಧ ಆಯುಸ್ಸು.

ಹಿಪ್ಪುನೇರಳೆ ಸೊಪ್ಪು ಹಾಕಿ ನೋಡಿದ್ರಂತಾ?
ಎಂದವಳು ಸುಮ್ಮನಾದಳು.
ಹೊರಗೆ ಯಾರದೋ ರಾಟೆ ಕಿರುಗುಟ್ಟುತ್ತಿತ್ತು,
ಬೆಂದ ಹುಳುವಿನ ವಾಸನೆ.
ಪಾಪ, ಅವರಿಗೂ ತುದಿ ಸಿಕ್ಕಿಲ್ಲ ಅನ್ನಿ.

ಖಾಲಿ ಪೊಟ್ಟಣಗಳು ಅವಳ ಮಗಳ ಪಾಲು:
ಗುಳಿಗೆ ಇದ್ದ ಗುಂಡಿಗೊಂದು ಮಣಿ,
ಕೆಂಪು ಇದ್ದಲ್ಲಿ ಕೆಂಪು, ಬಿಳಿ ಇದ್ದಲ್ಲಿ ಬಿಳಿ.

ಹನ್ನೆರಡು ಮುಗಿಯಿತು. ಕಾರ್ಡಿಗೆ ಮೊಹರು ಬಿತ್ತು.
ಸೋಂಕಿಲ್ಲ, ಇನ್ನು ಯಾರಿಗೂ ಹರಡದು,
ಇದನ್ನು ಗಲ್ಲಿಗೆ ಕೇಳುವಂತೆ ಜೋರಾಗಿಯೇ ಹೇಳಿದೆ.
ಕಣ್ಣು ಮುಚ್ಚಮ್ಮ.
ಮಚ್ಚೆಯ ಅಂಚಿಗೆ ಗರಿ ತಾಕಿಸಿದೆ.
ಅವಳ ಬೆರಳು ಗಾಳಿಯಲ್ಲಿ ತಡವರಿಸಿ
ಎರಡಂಗುಲ ಆಚೆ ಇಳಿಯಿತು.
ಅಲ್ಲ; ಹತ್ತಿರ.
ಕಿರುಬೆರಳಿಗೆ ಮುಟ್ಟಿದಾಗ
ಮತ್ತೆ ಅದೇ ಪ್ರಶ್ನೆ: ಶುರು ಮಾಡಿದ್ರಾ?

ಮೊನ್ನೆ ಅವಳ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿದೆ.
ಎಳೆ ಹುಡುಕಲು ಈಗ ಕಡ್ಡಿಬ್ರಷ್ಷು, ಕಣ್ಣು.
ಪಕ್ಕದ ತಬಸ್ಸುಮ್ ಉರಿಗೆ ಉಸ್ಸೆಂದು
ಬೋಗುಣಿಗೆ ಕೈ ಅದ್ದಿದಳು.
ಶಂಷಾದ್ ಅತ್ತ ನೋಡಿ,
ಏನೂ ಉರಿಯದ ತನ್ನ ಕೈಯನ್ನೂ
ತಣ್ಣೀರಿಗೆ ಇಳಿಸಿದಳು.